ಸಣ್ಣ ಕೋಣೆ, ಬುಕ್‌ಶೆಲ್ಫ್ ಸ್ಪೀಕರ್, 10 ಇಂಚಿನ ಸಬ್ (ಬಾಸ್‌ಗೆಂದೇ ಇರುವ ಸಬ್‌ವೂಫರ್): ಎರಡೂ ಒಂದೇ ದನಿಯಾಗುವುದು ಹೇಗೆ?

ಎರಡು_ಚಾನಲ್ (#1)

ಕೋಣೆ 14 ಅಡಿ ಉದ್ದ, 11 ಅಡಿ ಅಗಲ, 9.5 ಅಡಿ ಎತ್ತರ. ಬೆಂಗಳೂರಿನ ಅಪಾರ್ಟ್‌ಮೆಂಟ್: ಮೇಲೂ ಕೆಳಗೂ ಕಾಂಕ್ರೀಟ್, ವಿಟ್ರಿಫೈಡ್ ಟೈಲ್ಸ್. ಐದೂಕಾಲು ಇಂಚಿನ ವೂಫರ್ ಇರುವ ಪೋರ್ಟೆಡ್ (ಪೆಟ್ಟಿಗೆಯಲ್ಲಿ ಗಾಳಿ ತೂತಿರುವ) ಬುಕ್‌ಶೆಲ್ಫ್ ಸ್ಪೀಕರ್, ಕಂಪನಿಯ ಲೆಕ್ಕದಲ್ಲಿ 52 ಹರ್ಟ್ಜ್‌ಗೆ ಮೈನಸ್ 3 ಡಿಬಿ, ಅಂದರೆ ಅಲ್ಲಿಂದ ಕೆಳಗೆ ದನಿ ಇಳಿಯುತ್ತದೆ. ಸೀಲ್ಡ್ (ತೂತಿಲ್ಲದ) ಬಾಕ್ಸಿನ 10 ಇಂಚು ಸಬ್ ಎಡಗಡೆ ಮುಂದಿನ ಮೂಲೆಯಲ್ಲಿದೆ. ಸ್ಟೀರಿಯೊ ಆಂಪ್, ಸಬ್ ಔಟ್ (ಸಬ್‌ಗೆ ಸಿಗ್ನಲ್ ಕೊಡುವ ಸಾಕೆಟ್) ಇದೆ. ಸ್ಪೀಕರ್ ಮುಂಭಾಗ ಗೋಡೆಯಿಂದ 2.5 ಅಡಿ ಮುಂದಕ್ಕಿದೆ. ಸೋಫಾ ಹಿಂದಿನ ಗೋಡೆಗೆ ಅಂಟಿಕೊಂಡಿದೆ, ಕೂತಾಗ ತಲೆ ಮುಂದಿನ ಗೋಡೆಯಿಂದ 13 ಅಡಿ.

ಸಬ್‌ನ ಕ್ರಾಸ್‌ಓವರ್ ನಾಬ್ (ಎಷ್ಟು ಹರ್ಟ್ಜ್‌ವರೆಗೆ ಸಬ್ ನುಡಿಯಬೇಕು ಅನ್ನುವುದು) 80ಕ್ಕೆ, ಫೇಸ್ (ಅಲೆಗಳ ಹೆಜ್ಜೆ ಹೊಂದಿಸುವುದು) 0ಗೆ ಇಟ್ಟಿದ್ದೇನೆ. ಕೆಲವು ಸ್ವರಕ್ಕೆ ಕೋಣೆಯೆಲ್ಲ ಗುಂಯ್ ಅನ್ನುತ್ತದೆ, ಕೆಲವಕ್ಕೆ ಸಬ್ ಇದೆಯೋ ಇಲ್ಲವೋ ಗೊತ್ತಾಗಲ್ಲ. ಡಗ್ಗಾ ಮೇಲೆ ಕೈ ಜಾರಿಸಿದಾಗ ನಾದ ಒಂದು ಕಡೆ ಮಾಯವಾಗಿ ಇನ್ನೊಂದು ಕಡೆ ಏಳುತ್ತದೆ. ಎಲ್ಲಿಂದ ಶುರು ಮಾಡಲಿ?

ಅಲೆಯುದ್ದ (#2)

ಸದ್ಯ ನಾಬ್ ಮುಟ್ಟಬೇಡಿ, ಮೊದಲು ಟೇಪು ಹಿಡಿಯಿರಿ. 565 ಅನ್ನು (ಸೆಕೆಂಡಿಗೆ 1130 ಅಡಿಯ ದನಿವೇಗದ ಅರ್ಧ) ಕೋಣೆಯ ಅಳತೆಯಿಂದ, ಅಡಿ ಲೆಕ್ಕದಲ್ಲಿ, ಭಾಗಿಸಿದರೆ ಆ ದಿಕ್ಕಿನ ಮೊದಲ ಮೋಡ್, ಅಂದರೆ ಕೋಣೆ ತಾನೇ ಅನುರಣಿಸುವ ಆವರ್ತನ, ಸಿಗುತ್ತದೆ. ನಿಮ್ಮಲ್ಲಿ ಉದ್ದಕ್ಕೆ 40, ಅಗಲಕ್ಕೆ 51, ಎತ್ತರಕ್ಕೆ 59.5 ಹರ್ಟ್ಜ್. ಉದ್ದದ ಎರಡನೇ ಮೋಡ್ 81. ಅಂದರೆ ನೀವು ಕ್ರಾಸ್‌ಓವರ್ ಇಟ್ಟಿರುವುದು ಸರಿಯಾಗಿ ಒಂದು ಮೋಡಿನ ನೆತ್ತಿಯ ಮೇಲೆ.

ಎರಡು ಗೋಡೆಗಳ ನಡುವಿನ ಮೋಡ್ ಗೋಡೆಯ ಹತ್ತಿರ ಅತಿ ಜೋರಾಗಿರುತ್ತದೆ. ನಿಮ್ಮ ಸಬ್ ಮೂಲೆಯಲ್ಲಿದೆ, ಅಲ್ಲಿಂದ ಎಲ್ಲ ಮೋಡುಗಳನ್ನೂ ಪೂರ್ತಿ ಎಬ್ಬಿಸುತ್ತದೆ. ಕಿವಿ ಹಿಂದಿನ ಗೋಡೆಯ ಹತ್ತಿರ, ಹಾಗಾಗಿ 40 ಮತ್ತು 81 ಎರಡೂ ನಿಮಗೆ ಪೂರ್ತಿ ಸಿಗುತ್ತವೆ. ಅಗಲದ ಮಧ್ಯದಲ್ಲಿ ಕೂತಿದ್ದೀರಿ, 51ರ ಮೋಡ್ ಅಲ್ಲಿ ಸೊನ್ನೆ. ಗುಂಯ್ ಅನ್ನುವ ಸ್ವರ, ಕಾಣೆಯಾದ ಸ್ವರ ಎರಡಕ್ಕೂ ಲೆಕ್ಕ ಸಿಕ್ಕಿತಲ್ಲ.

ಸೋಫಾವನ್ನು 18 ಇಂಚು ಮುಂದೆ ಎಳೆಯಿರಿ. ತಲೆ 11.5 ಅಡಿಗೆ ಬಂದರೆ 81ರ ಮೋಡ್ ಸುಮಾರು 6 ಡಿಬಿ ಇಳಿಯುತ್ತದೆ. 40ರದ್ದು ಬರೀ 1 ಡಿಬಿ ಇಳಿದೀತು, ಅದಕ್ಕೆ ಸಬ್ ಜರುಗಿಸಬೇಕು. 10.5 ಅಡಿಗೆ ಬರಲು ಜಾಗವಿದ್ದರೆ 81 ಪೂರ್ತಿ ಮಾಯ. ಉದ್ದದ ಮುಕ್ಕಾಲು ಭಾಗ ಅದು, ಎರಡನೇ ಮೋಡಿನ ಸೊನ್ನೆ ಬಿಂದು. 7 ಅಡಿಯಲ್ಲಿ, ನಟ್ಟನಡುವೆ ಮಾತ್ರ ಕೂರಬೇಡಿ. ಅಲ್ಲಿ 40 ಸತ್ತುಹೋಗುತ್ತದೆ.

ತಂಬೂರಿ_ತಂತಿ (#3)

ಸಬ್‌ಗೆ ಜಾಗ ಹುಡುಕಲು ಹಳೆಯ ಉಪಾಯವೇ ಸಾಕು. ಸಬ್ ಎತ್ತಿ ಸೋಫಾ ಮೇಲೆ, ನೀವು ಕೂರುವ ಜಾಗದಲ್ಲೇ ಇಡಿ. ಬಾಸ್ ಗಿಟಾರಿನ ಸ್ವರಗಳನ್ನು ಒಂದೊಂದಾಗಿ ನುಡಿಸುವ ಟೋನ್ ಫೈಲ್ ಹಾಕಿ: 41, 44, 46, 49, 52, 55, 58, 62, 65, 69, 73, 78, 82 ಹರ್ಟ್ಜ್. ಆಮೇಲೆ ಗೋಡೆ ಹಿಡಿದುಕೊಂಡು ಮಂಡಿಯೂರಿ ಹೋಗಿ, ಕಿವಿ ಸಬ್‌ನ ಕೋನ್ ಬರುವಷ್ಟು ಎತ್ತರದಲ್ಲಿರಲಿ. ಎಲ್ಲ ಸ್ವರವೂ ಹೆಚ್ಚೂಕಡಿಮೆ ಒಂದೇ ಮಟ್ಟದಲ್ಲಿ ಕೇಳುವ ಜಾಗಕ್ಕೆ ಚಾಕ್‌ಪೀಸ್ ಗುರುತು ಹಾಕಿ. ಎಲ್ಲಿ ಜೋರಾಗಿ ಕೇಳುತ್ತದೋ ಆ ಜಾಗ ಬೇಕಾಗಿಲ್ಲ, ಸಮನಾಗಿ ಕೇಳುವ ಜಾಗ ಬೇಕು. ಜೋರಿನ ಆಸೆಗೆ ಬಿದ್ದವರ ಸಬ್ ಮತ್ತೆ ಮೂಲೆಗೇ ಹೋಗಿ ಸೇರುತ್ತದೆ.

ನಿಮ್ಮ ಕೋಣೆಯಲ್ಲಿ ಮೊದಲು ನೋಡಬೇಕಾದದ್ದು ಪಕ್ಕದ ಗೋಡೆಯಲ್ಲಿ, ಮುಂದಿನ ಗೋಡೆಯಿಂದ 3.5 ಅಡಿ ದೂರದ ಜಾಗ. ಉದ್ದದ ಕಾಲು ಭಾಗ ಅದು. ಅಲ್ಲಿಟ್ಟ ಸಬ್ 81ನ್ನು ಎಬ್ಬಿಸುವುದೇ ಇಲ್ಲ, 40ನ್ನೂ 3 ಡಿಬಿ ಕಡಿಮೆ ಎಬ್ಬಿಸುತ್ತದೆ.

ಇನ್ನೊಂದು ಮಾತು. 40 ಇಳಿದ ಮೇಲೆ 50ರ ಆಸುಪಾಸು ತಾನಾಗಿಯೇ ‘ಬಂದಂತೆ’ ಕೇಳುತ್ತದೆ. ಅದು ಇಲ್ಲ ಅಂತ ಈಗಲೇ ಸಬ್‌ನ ಗೇನ್ (ಮಟ್ಟ) ಏರಿಸಿದ್ದರೆ ಇಳಿಸಿ.

ಎರಡು_ಚಾನಲ್ (#4)

ಸೋಫಾ 11.5 ಅಡಿಗೆ ಎಳೆಯಬಹುದು, ಅದಕ್ಕಿಂತ ಮುಂದೆ ಬಂದರೆ ಬಾಗಿಲಿಗೆ ಅಡ್ಡ. ಪಕ್ಕದ ಗೋಡೆಯ ಜಾಗವೂ ಖಾಲಿ ಇದೆ. ಸಂಪರ್ಕದ ಬಗ್ಗೆ ಹೇಳಿ. ಈಗ ಆಂಪ್‌ನ ಸಬ್ ಔಟ್‌ನಿಂದ ಒಂದೇ ಆರ್‌ಸಿಎ ಕೇಬಲ್ ಎಳೆದಿದ್ದೇನೆ.

ಸೋಲ್ಡರ್_ಹೊಗೆ (#5)

ಸ್ಟೀರಿಯೊ ಆಂಪ್‌ಗಳ ಸಬ್ ಔಟ್‌ನಲ್ಲಿ ಎರಡು ಬಗೆ. ಕೆಲವು ಪೂರ್ತಿ ಸಿಗ್ನಲ್ ಕೊಡುತ್ತವೆ, ಕೆಲವು ಒಳಗೇ ಲೋಪಾಸ್ (ಕೆಳ ಆವರ್ತನ ಮಾತ್ರ ಬಿಡುವ ಫಿಲ್ಟರ್) ಹಾಕಿ ಕೊಡುತ್ತವೆ. ಮ್ಯಾನ್ಯುಯಲ್‌ನ ಸ್ಪೆಸಿಫಿಕೇಶನ್ ಪುಟದಲ್ಲಿ ಸಬ್ ಔಟ್ ಎದುರು ಕಟ್‌ಆಫ್ ಅಂತ ಒಂದು ಸಂಖ್ಯೆ ಇದ್ದರೆ ಎರಡನೇ ಬಗೆ. ಆಗ ಸಬ್‌ನ ನಾಬ್ ಎಲ್‌ಎಫ್‌ಇಗೆ (ಸಬ್‌ನ ಸ್ವಂತ ಫಿಲ್ಟರ್ ತಪ್ಪಿಸುವ ಸ್ಥಾನ), ಅದಿಲ್ಲದಿದ್ದರೆ ಗರಿಷ್ಠಕ್ಕೆ ತಿರುಗಿಸಿ. ಇಲ್ಲವಾದರೆ ಎರಡು ಫಿಲ್ಟರ್ ಒಂದರ ಹಿಂದೊಂದು ಕೂತು ಇಳಿಜಾರು ಕಡಿದಾಗುತ್ತದೆ, ಸಬ್ ಇನ್ನಷ್ಟು ತಡವಾಗುತ್ತದೆ.

ಯಾವ ಬಗೆಯಾದರೂ ಒಂದು ನೆನಪಿಡಿ: ಬಹುಪಾಲು ಸ್ಟೀರಿಯೊ ಆಂಪ್‌ಗಳಲ್ಲಿ ಸಬ್ ಔಟ್ ಬಳಸಿದರೂ ಮೇನ್ಸ್‌ಗೆ (ಮುಖ್ಯ ಸ್ಪೀಕರ್ ಜೋಡಿಗೆ) ಹೋಗುವ ಸಿಗ್ನಲ್‌ನಲ್ಲಿ ಬಾಸ್ ಕಡಿತವಾಗುವುದಿಲ್ಲ. ಹೋಂ ಥಿಯೇಟರ್ ರಿಸೀವರ್‌ನಲ್ಲಿ ‘ಸ್ಮಾಲ್’ ಅಂತ ಇಟ್ಟಾಗ ಆಗುವುದು ಇಲ್ಲಿ ಆಗಲ್ಲ. ಹಾಗಾಗಿ 52ರಿಂದ 80ರವರೆಗೆ ಮೇನ್ಸ್ ಮತ್ತು ಸಬ್ ಎರಡೂ ಹಾಡುತ್ತಿವೆ. ಡಗ್ಗಾದ ನಾದ ಜಾರುವುದು ಅದೇ ಪ್ರದೇಶದಲ್ಲಿ.

ಹೈ ಲೆವೆಲ್ ಸಂಪರ್ಕ, ಅಂದರೆ ಆಂಪ್‌ನ ಸ್ಪೀಕರ್ ಟರ್ಮಿನಲ್‌ನಿಂದ ಸಬ್‌ಗೆ ತಂತಿ ಎಳೆಯುವುದು, ಕೂಡ ಒಳ್ಳೆಯದೇ. ಸಾಮಾನ್ಯವಾಗಿ ಕೆಂಪು ತಂತಿ ಬಲದ ಪ್ಲಸ್‌ಗೆ, ಹಳದಿ ಎಡದ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ಆದರೆ ಕ್ಲಾಸ್ ಡಿ ಬೋರ್ಡಿನ ಪುಟ್ಟ ಆಂಪ್ ಇದ್ದವರು ಗಮನಿಸಿ: ಅವುಗಳಲ್ಲಿ ಬಹಳಷ್ಟು ಬ್ರಿಡ್ಜ್ ಆಗಿರುತ್ತವೆ, ಮೈನಸ್ ಟರ್ಮಿನಲ್‌ನಲ್ಲೂ ಸಿಗ್ನಲ್ ಇರುತ್ತದೆ. ಕಪ್ಪು ತಂತಿ ಅಲ್ಲಿಗೆ ಹೋದರೆ ಆಂಪ್ ಸುಡಬಹುದು. ಅಂಥದ್ದರಲ್ಲಿ ಕಪ್ಪು ಹೋಗಬೇಕಾದ್ದು ಆಂಪ್‌ನ ಗ್ರೌಂಡ್‌ಗೆ, ಆರ್‌ಸಿಎ ಸಾಕೆಟ್‌ನ ಹೊರ ಉಂಗುರ ಅಥವಾ ಚಾಸಿಸ್ ಸ್ಕ್ರೂಗೆ. ಸಬ್ ತಯಾರಕರ ಮ್ಯಾನ್ಯುಯಲ್ ಏನು ಹೇಳುತ್ತದೆ ಅಂತ ಓದದೆ ಜೋಡಿಸಬೇಡಿ.

ಡೆಸಿಬೆಲ್_ಧಾರವಾಡ (#6)

ಮೇನ್ಸ್‌ಗೆ ಹೈಪಾಸ್ (ಬಾಸ್ ತಡದು ಮ್ಯಾಲಿನದ್ದ ಬಿಡೂ ಫಿಲ್ಟರ್) ಹಾಕದ ಸಬ್ ಜೋಡಸೂದು ಅಂದ್ರ ಅರ್ಧಾ ಕೆಲಸ ನೋಡ್ರಿ. ಕೋನ್ ಎಷ್ಟು ಓಡಬೇಕು ಅನ್ನೂದನ್ನ ಲೆಕ್ಕಾ ಹಾಕ್ರಿ: ಅಷ್ಟ ಜೋರು ದನಿಗೆ ಆವರ್ತನ ಅರ್ಧಾ ಆದ್ರ ಓಟ ನಾಲ್ಕ ಪಟ್ಟು ಆಗತೈತಿ. 80ರೊಳಗ 1 ಮಿಲಿಮೀಟರ್ ಓಡೂ ಕೋನ್ 40ಕ್ಕ 4 ಮಿಲಿಮೀಟರ್ ಓಡಬೇಕು. ಐದೂಕಾಲ ಇಂಚಿನ ವೂಫರ್‌ಗೆ ಅದು ಭಾರ. ಪೋರ್ಟೆಡ್ ಬಾಕ್ಸ್ ಆದ್ರ ಟ್ಯೂನಿಂಗ್ ಕೆಳಗ (ಪೋರ್ಟ್ ಕೆಲಸಾ ಮಾಡೂ ಆವರ್ತನದ ಕೆಳಗ) ಕೋನ್‌ಗೆ ಹಿಡಿತಾನ ಇರೂದಿಲ್ಲ, ದನಿ ಬರಲಿಲ್ಲ ಅಂದ್ರೂ ಸುಮ್ನ ಅಲ್ಲಾಡತಿರತೈತಿ. ಹಂಗ ಅಲ್ಲಾಡೂ ಕೋನ್ ಮ್ಯಾಲೆ ಹಾಡೋರ ಧ್ವನಿನೂ ಕುಂತಿರತೈತಿ ಅನ್ನೂದು ಮರೀಬ್ಯಾಡ್ರಿ.

ಆಂಪ್‌ಗೆ ಪ್ರೀ ಔಟ್, ಮೇನ್ ಇನ್ (ಪ್ರೀಆಂಪ್, ಪವರ್ ಆಂಪ್ ನಡುವ ತಂತಿ ಹಾಕಾಕ ಇರೂ ಸಾಕೆಟ್) ಎರಡೂ ಇದ್ರ ಒಂದ ಕೆಪಾಸಿಟರ್ ಸಾಕು, ಚಾನಲ್‌ಗೆ ಒಂದರಂಗ ಸೀರೀಸ್‌ನಾಗ. ಪವರ್ ಆಂಪ್ ಇನ್‌ಪುಟ್ ಇಂಪೆಡೆನ್ಸ್ 47 ಕಿಲೊಓಮ್ ಇದ್ರ 0.047 ಮೈಕ್ರೊಫ್ಯಾರಡ್ ಹಾಕಿದ್ರ 72 ಹರ್ಟ್ಜ್, 0.039 ಹಾಕಿದ್ರ 87. ಇಂಪೆಡೆನ್ಸ್ 10 ಕಿಲೊಓಮ್ ಇದ್ರ 80ಕ್ಕ 0.2 ಬೇಕಾಗತೈತಿ. ಪಾಲಿಪ್ರೊಪಿಲೀನ್ ತಗೋರಿ, ಇದಕ್ಕ ಎಲೆಕ್ಟ್ರೊಲೈಟಿಕ್ ಬ್ಯಾಡ. ಇಳಿಜಾರು ಬರೇ 6 ಡಿಬಿ, ಆದ್ರೂ ಕೋನ್‌ಗೆ ಉಸಿರು ಸಿಗತೈತಿ.

ಅಲೆಯುದ್ದ (#7)

ಡೆಸಿಬೆಲ್ ಅವರ ಕೋನ್ ಲೆಕ್ಕ ಸರಿ, ಒಪ್ಪುತ್ತೇನೆ. ‘ಅರ್ಧ ಕೆಲಸ’ ಅನ್ನುವುದನ್ನು ಒಪ್ಪಲಾರೆ. ಪೋರ್ಟೆಡ್ ಸ್ಪೀಕರ್ ತಾನಾಗಿಯೇ ಆಕ್ಟೇವ್‌ಗೆ (ಆವರ್ತನ ಅರ್ಧವಾದಾಗೊಮ್ಮೆ) 24 ಡಿಬಿಯಂತೆ ಇಳಿಯುತ್ತದೆ. ಅದು ನಿಸರ್ಗವೇ ಕೊಟ್ಟ ನಾಲ್ಕನೇ ದರ್ಜೆಯ ಹೈಪಾಸ್. ಸಬ್‌ನ ಲೋಪಾಸ್ ಕೂಡ 24 ಡಿಬಿಯದ್ದೇ ಆಗಿ, ಅದನ್ನು 50ರ ಆಸುಪಾಸಿಗೆ ಇಳಿಸಿದರೆ ಎರಡರ ಫೇಸ್ ಸಾಕಷ್ಟು ಹೊಂದುತ್ತದೆ. ಮಧ್ಯಮ ವಾಲ್ಯೂಮ್‌ನಲ್ಲಿ ಕೇಳುವವರಿಗೆ ಅಷ್ಟು ಸಾಕು. ತಪ್ಪಾಗುವುದು ಮೇನ್ಸ್ ಪೂರ್ತಿ ಓಡುತ್ತಿರುವಾಗಲೂ ಸಬ್‌ನ ನಾಬ್ 80ರಲ್ಲೇ ಇದ್ದರೆ. ಇಲ್ಲಿ ಆಗಿರುವುದು ಅದೇ.

ನಾಬ್ ಮೇಲೆ ಅಚ್ಚಾದ ಸಂಖ್ಯೆಗಳನ್ನು ನಂಬಬೇಡಿ, ಹತ್ತಿಪ್ಪತ್ತು ಹರ್ಟ್ಜ್ ಆಚೀಚೆ ಇರುವುದು ಮಾಮೂಲು.

ಡೆಸಿಬೆಲ್_ಧಾರವಾಡ (#8)

50ಕ್ಕ ಇಳಿಸಿದ್ರ 52ರಿಂದ 80ರ ಭಾರ ಪೂರಾ ಸಣ್ಣ ವೂಫರ್ ಮ್ಯಾಲೆನ ಉಳೀತು. ಡೊಳ್ಳಿನ ರೆಕಾರ್ಡಿಂಗ್ ಹಾಕಿ ವಾಲ್ಯೂಮ್ ತಿರುವಿ ನೋಡ್ರಿ, ಮ್ಯಾಲೆ ಮಾತಾಡೂಣು.

ತಂಬೂರಿ_ತಂತಿ (#9)

ಇಬ್ಬರೂ ಸರಿ. ಪ್ರಶ್ನೆ ಕೇಳಿದವರ ಆಂಪ್‌ನಲ್ಲಿ ಪ್ರೀ ಔಟ್ ಇದೆಯೋ ಇಲ್ಲವೋ ಅದನ್ನೇ ಯಾರೂ ಕೇಳಲಿಲ್ಲ.

ಎರಡು_ಚಾನಲ್ (#10)

ಇಲ್ಲ ಸರ್. ಇಂಟಿಗ್ರೇಟೆಡ್ ಆಂಪ್, ಪ್ರೀ ಔಟ್-ಮೇನ್ ಇನ್ ಲೂಪ್ ಇಲ್ಲ. ಮೂಲ ಒಂದೇ, ಡ್ಯಾಕ್‌ನಿಂದ (ಡಿಜಿಟಲ್ ಸಿಗ್ನಲ್ಲನ್ನು ಅನಲಾಗ್ ಮಾಡುವ ಪೆಟ್ಟಿಗೆ) ಅನಲಾಗ್ ಬರುತ್ತದೆ.

ಸೋಲ್ಡರ್_ಹೊಗೆ (#11)

ಹಾಗಿದ್ದರೆ ಕೆಪಾಸಿಟರ್ ದಾರಿ ಮುಚ್ಚಿತು. ಉಳಿದದ್ದು ಡಿಎಸ್‌ಪಿ, ಅಂದರೆ ಸಿಗ್ನಲ್ಲನ್ನು ಡಿಜಿಟಲ್ ಆಗಿ ಸೋಸುವ ಪೆಟ್ಟಿಗೆ. ಮಿನಿಡಿಎಸ್‌ಪಿ 2x4 ಎಚ್‌ಡಿ ಥರದ ಪೆಟ್ಟಿಗೆಯನ್ನು ಡ್ಯಾಕ್ ಮತ್ತು ಆಂಪ್ ನಡುವೆ ಇಡಿ. ಔಟ್‌ಪುಟ್ 1, 2 ಆಂಪ್‌ಗೆ. 3 ನೇರ ಸಬ್‌ಗೆ. ಆಂಪ್‌ನ ಸಬ್ ಔಟ್ ಬಿಚ್ಚಿಡಿ. 1, 2ಕ್ಕೆ ಹೈಪಾಸ್, 3ಕ್ಕೆ ಲೋಪಾಸ್.

ಇದರಲ್ಲಿ ಒಂದು ಗುಂಡಿ ಇದೆ. ಸಬ್ ಈಗ ಆಂಪ್‌ನ ವಾಲ್ಯೂಮ್ ನಾಬ್‌ಗಿಂತ ಮೊದಲೇ ಕವಲೊಡೆದಿದೆ. ಆಂಪ್‌ನಲ್ಲಿ ವಾಲ್ಯೂಮ್ ಇಳಿಸಿದರೆ ಮೇನ್ಸ್ ಮಾತ್ರ ಇಳಿಯುತ್ತದೆ, ಸಬ್ ಹಾಗೇ ಗುಮ್ಮುತ್ತಿರುತ್ತದೆ. ಅದಕ್ಕೆ ಆಂಪ್‌ನ ನಾಬ್ ಒಂದು ಕಡೆ ನಿಲ್ಲಿಸಿ ಪೇಂಟಿನ ಚುಕ್ಕೆ ಹಾಕಿ, ಮುಂದೆ ವಾಲ್ಯೂಮ್ ಎಲ್ಲ ಡಿಎಸ್‌ಪಿಯಲ್ಲೋ ಡ್ಯಾಕ್‌ನಲ್ಲೋ. ಮನೆಯವರಿಗೆಲ್ಲ ಹೇಳಿಡಿ, ಇಲ್ಲದಿದ್ದರೆ ಒಬ್ಬರಲ್ಲ ಒಬ್ಬರು ಅಭ್ಯಾಸಬಲದಿಂದ ಆಂಪ್ ನಾಬ್ ತಿರುಗಿಸುತ್ತಾರೆ.

ಡಿಎಸ್‌ಪಿ ಬೇಡವಾದರೆ ಅಲೆಯುದ್ದ ಹೇಳಿದಂತೆ ಸಬ್ 50ಕ್ಕೆ. ಆದರೆ ಆಂಪ್‌ನ ಸಬ್ ಔಟ್‌ನಲ್ಲಿ ಸ್ಥಿರ ಲೋಪಾಸ್ ಇದ್ದರೆ ಸಬ್‌ನ ನಾಬ್ ಇಳಿಸಿದಾಗ ಮತ್ತದೇ ಎರಡು ಫಿಲ್ಟರ್ ಸರಪಳಿ. ಅಂಥವರಿಗೆ ಹೈ ಲೆವೆಲ್ ಸಂಪರ್ಕವೇ ವಾಸಿ.

ಎರಡು_ಚಾನಲ್ (#12)

ಡಿಎಸ್‌ಪಿ ಹಾಕುತ್ತೇನೆ. ಅಳತೆಯ ಮೈಕ್ ಕೂಡ ತರಿಸುತ್ತೇನೆ. ಫಿಲ್ಟರ್ ಯಾವುದು ಆರಿಸಲಿ? ಪಟ್ಟಿಯಲ್ಲಿ ಬಟರ್‌ವರ್ತ್, ಲಿಂಕ್‌ವಿಟ್ಜ್-ರೈಲಿ, ಬೆಸೆಲ್ ಎಲ್ಲ ಇದೆ.

ಅಲೆಯುದ್ದ (#13)

ಲಿಂಕ್‌ವಿಟ್ಜ್-ರೈಲಿ 24 ಡಿಬಿ. ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ 1976ರ ಪ್ರಬಂಧದಲ್ಲಿ ವಿವರಿಸಿದ ಜೋಡಿ ಅದು. ಕ್ರಾಸ್‌ಓವರ್ ಬಿಂದುವಿನಲ್ಲಿ ಎರಡೂ ಕಡೆ ಮೈನಸ್ 6 ಡಿಬಿ, ಎರಡೂ ಒಂದೇ ಫೇಸ್‌ನಲ್ಲಿ, ಕೂಡಿದರೆ ಸಪಾಟು. ಆದರೆ ಕೂಡಬೇಕಾದ್ದು ವಿದ್ಯುತ್ ಸಿಗ್ನಲ್ ಅಲ್ಲ, ಕೋಣೆಯಲ್ಲಿನ ದನಿ. 80ಕ್ಕೆ 24 ಡಿಬಿ ಹೈಪಾಸ್ ಹಾಕಿದ ಮೇಲೂ ನಿಮ್ಮ ಸ್ಪೀಕರ್‌ನ ಸ್ವಂತ ಇಳಿತ 52ರಲ್ಲಿ ಬಂದು ಸೇರುತ್ತದೆ, ಫೇಸ್ ಅಷ್ಟು ತಿರುಗುತ್ತದೆ. ಎರಡು ಪರಿಹಾರ. ಒಂದು, ಕ್ರಾಸ್‌ಓವರ್ 90 ಅಥವಾ 100ಕ್ಕೆ ಏರಿಸಿ ಆ ಇಳಿತದಿಂದ ದೂರ ಹೋಗುವುದು. ಎರಡು, ಪೋರ್ಟಿಗೆ ಫೋಮ್ ತುರುಕಿ ಸ್ಪೀಕರನ್ನು ಸೀಲ್ಡ್ ಥರ ಮಾಡಿ, 12 ಡಿಬಿ ಹೈಪಾಸ್ ಮಾತ್ರ ಹಾಕುವುದು. ಸೀಲ್ಡ್ ಬಾಕ್ಸಿನ ಸ್ವಂತ 12, ಫಿಲ್ಟರಿನ 12, ಎರಡೂ ಒಂದೇ ಜಾಗದಲ್ಲಿ ಬಿದ್ದರೆ ಸೇರಿ 24. ಹೋಂ ಥಿಯೇಟರ್ ರಿಸೀವರ್‌ಗಳ 80 ಹರ್ಟ್ಜ್ ಲೆಕ್ಕದ ಹಿಂದೆ ಇರುವುದೂ ಇದೇ ಎಣಿಕೆ.

ನನಗೆ ಮೊದಲನೆಯದೇ ಇಷ್ಟ. ಇಲ್ಲಿ ಇನ್ನೊಂದು ಲಾಭವೂ ಇದೆ. ಸ್ಪೀಕರ್ ಮುಂಭಾಗ ಗೋಡೆಯಿಂದ 2.5 ಅಡಿ ಅಂದಿರಿ. 1130ನ್ನು ಆ ದೂರದ ನಾಲ್ಕು ಪಟ್ಟಿನಿಂದ ಭಾಗಿಸಿ: 113 ಹರ್ಟ್ಜ್. ಸ್ಪೀಕರ್ ಬೆನ್ನಿನ ಗೋಡೆಗೆ ಬಡಿದು ಬಂದ ಅಲೆ ಅಲ್ಲಿ ನೇರ ಅಲೆಯನ್ನು ಕತ್ತರಿಸುತ್ತದೆ. ಆ ತಗ್ಗಿಗೆ ಎಲ್ಲರೂ ಬೈಯುವುದು ಸಬ್‌ಗೆ. ಸಬ್‌ಗೆ ತಾನು ಅಂಟಿಕೊಂಡಿರುವ ಗೋಡೆಯಿಂದ ಈ ತೊಂದರೆ ಇಲ್ಲ. ಕ್ರಾಸ್‌ಓವರ್ 100ಕ್ಕೆ ಬಂದರೆ ತಗ್ಗಿನ ಕೆಳ ಅಂಚನ್ನು ಸಬ್ ತುಂಬುತ್ತದೆ.

ತಂಬೂರಿ_ತಂತಿ (#14)

100ಕ್ಕೆ ಏರಿಸಿದರೆ ಸಬ್ ಎಲ್ಲಿದೆ ಅಂತ ಕಿವಿ ಪತ್ತೆ ಹಚ್ಚುತ್ತದೆ, ಅದರಲ್ಲೂ ಪಕ್ಕದ ಗೋಡೆಯಲ್ಲಿದ್ದರೆ. ಗಂಡಸಿನ ದನಿಯ ಬುಡ ಆ ಕಡೆಗೆ ಎಳೆದಂತಾಗುತ್ತದೆ. ನನ್ನ ಮತ 85–90. ಸ್ಪೀಕರನ್ನು ಒಂದು ಅಡಿ ಹಿಂದೆ ತಳ್ಳಿ, ಆ ತಗ್ಗು 188ಕ್ಕೆ ಹೋಗುತ್ತದೆ, ಅಲ್ಲಿ ಒಂದು ಪರದೆ ಅಥವಾ ದಪ್ಪ ಪ್ಯಾನಲ್ ಏನಾದರೂ ಮಾಡೀತು.

ಅಲೆಯುದ್ದ (#15)

ಪರದೆ 188ಕ್ಕೆ ಏನೂ ಮಾಡದು. ನಾಲ್ಕು ಇಂಚಿನ ರಾಕ್‌ವುಲ್, ಹಿಂದೆ ಗಾಳಿಯ ಅಂತರ ಬೇಕು. 90 ಆಗಬಹುದು, ಒಪ್ಪಿದೆ.

ಸಾಗರದಾಚೆ (#16)

ಇಲ್ಲಿ ಅಮೆರಿಕದಲ್ಲಿ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದ ಗೋಡೆಗಳು. ಬಾಸ್‌ನ ಒಂದು ಪಾಲು ಗೋಡೆಯಲ್ಲೇ ಸೋರಿಹೋಗುತ್ತದೆ, ಮೋಡುಗಳು ಮೊಂಡಾಗಿರುತ್ತವೆ. ಇಲ್ಲಿನ ಲೇಖನ, ವಿಡಿಯೊ ನೋಡಿ ಊರಿನ ಕಾಂಕ್ರೀಟ್ ಕೋಣೆಗೆ ಅದೇ ಸೆಟ್ಟಿಂಗ್ ಹಾಕಿದರೆ ಸಬ್ ಜಾಸ್ತಿಯಾಗುತ್ತದೆ. ಇಟ್ಟಿಗೆ, ಕಾಂಕ್ರೀಟ್ ಕೋಣೆಯಲ್ಲಿ ಶಿಖರಗಳು ಚೂಪು, ನಾದ ನಿಲ್ಲಲು ಹೆಚ್ಚು ಹೊತ್ತು ಬೇಕು. ಈಕ್ಯೂ (ಆಯ್ದ ಆವರ್ತನವನ್ನು ಏರಿಳಿಸುವ ಫಿಲ್ಟರ್) ಹಾಕುವಾಗ ಇದು ಗಮನದಲ್ಲಿರಲಿ.

ಅಲೆಯುದ್ದ (#17)

ಈಗ ಫೇಸ್. ಇಡೀ ಕೆಲಸದ ಮುಳ್ಳು ಇದು, ಸ್ವಲ್ಪ ಉದ್ದ ಬರೆಯುತ್ತೇನೆ.

ದನಿ 1 ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಸಬ್ ಮೂಲೆಯಲ್ಲಿದ್ದಾಗ ನಿಮ್ಮ ತಲೆಯಿಂದ ಸುಮಾರು 12.8 ಅಡಿ, ಸ್ಪೀಕರ್ 11 ಅಡಿ. ಬರೀ ದೂರದಿಂದಲೇ ಸಬ್ 1.5 ಮಿಲಿಸೆಕೆಂಡ್ ತಡ, 80 ಹರ್ಟ್ಜ್‌ನಲ್ಲಿ ಅದು 45 ಡಿಗ್ರಿ. ಮೇಲೆ ಲೋಪಾಸ್‌ನ ತಡ: 80ರ 24 ಡಿಬಿ ಲಿಂಕ್‌ವಿಟ್ಜ್ ಫಿಲ್ಟರ್ ತೀರಾ ಕೆಳಗಿನ ಸ್ವರಗಳನ್ನು 5.6 ಮಿಲಿಸೆಕೆಂಡ್ ತಡ ಮಾಡುತ್ತದೆ, ಸಬ್ಬನ್ನು ಸುಮಾರು ಎರಡು ಮೀಟರ್ ಹಿಂದೆ ಸರಿಸಿದ ಹಾಗೆ. ಮೇನ್ಸ್‌ಗೂ ಜೋಡಿ ಹೈಪಾಸ್ ಇದ್ದರೆ ಕ್ರಾಸ್‌ಓವರ್ ಸುತ್ತ ಇದು ಸರಿದೂಗುತ್ತದೆ, ಇಲ್ಲದಿದ್ದರೆ ಇಲ್ಲ. ಸಬ್ ಒಳಗೇ ಡಿಎಸ್‌ಪಿ ಇದ್ದರೆ ಅದರದ್ದೂ ಕೆಲವು ಮಿಲಿಸೆಕೆಂಡ್ ಸೇರುತ್ತದೆ.

ಅಂದರೆ ಹೆಚ್ಚುಪಾಲು ಸಂದರ್ಭದಲ್ಲಿ ತಡವಾಗಿರುವುದು ಸಬ್. ಅದರ ಬೆನ್ನಿನ ಫೇಸ್ ನಾಬ್ ಮಾಡುವುದು ಸಬ್ಬನ್ನು ಇನ್ನೂ ತಡ ಮಾಡುವ ಕೆಲಸ. ಅದಕ್ಕೇ ಡಿಎಸ್‌ಪಿಯಲ್ಲಿ ವಿಳಂಬ ಕೊಡಬೇಕಾದ್ದು ಮೇನ್ಸ್‌ಗೆ. ಡಿಎಸ್‌ಪಿ ಇದ್ದರೆ ನಾಬ್ 0ರಲ್ಲೇ ಇರಲಿ.

ಮೈಕ್ ಇಲ್ಲದವರು ಹೀಗೆ ಮಾಡಿ. ಆಂಪ್ ಆಫ್ ಮಾಡಿ, ಎರಡೂ ಮೇನ್ಸ್‌ನ ಪ್ಲಸ್ ಮೈನಸ್ ಅದಲುಬದಲು ಮಾಡಿ. ಕ್ರಾಸ್‌ಓವರ್ ಆವರ್ತನದ ಟೋನ್ ಹಾಕಿ. ಕೂತ ಜಾಗದಲ್ಲಿ ದನಿ ಅತಿ ಕಡಿಮೆಯಾಗುವ ತನಕ ಫೇಸ್ ನಾಬ್ ತಿರುಗಿಸಲು ಇನ್ನೊಬ್ಬರಿಗೆ ಹೇಳಿ. ಮತ್ತೆ ಆಫ್ ಮಾಡಿ ತಂತಿ ಮೊದಲಿನಂತೆ ಹಾಕಿ. ಅತಿ ಜೋರನ್ನು ಹುಡುಕುವುದು ಕಷ್ಟ, ಶಿಖರ ಅಗಲವಾಗಿರುತ್ತದೆ. ತಗ್ಗು ಚೂಪಾಗಿರುವುದರಿಂದ ಕಿವಿಗೆ ತಟ್ಟನೆ ಸಿಗುತ್ತದೆ.

ಮೈಕ್ ಇದ್ದವರಿಗೆ ಆರ್‌ಇಡಬ್ಲ್ಯು (ರೂಮ್ ಈಕ್ಯೂ ವಿಝರ್ಡ್) ಅಳತೆಯ ಸಾಫ್ಟ್‌ವೇರ್ ಉಚಿತ. ಕಿವಿಯ ಎತ್ತರಕ್ಕೆ ಮೈಕ್ ಇಟ್ಟು 15ರಿಂದ 250 ಹರ್ಟ್ಜ್ ಸ್ವೀಪ್ (ಕೆಳಗಿನಿಂದ ಮೇಲಕ್ಕೆ ಜಾರುವ ಟೋನ್) ಮೂರು ಬಾರಿ: ಮೇನ್ಸ್ ಮಾತ್ರ, ಸಬ್ ಮಾತ್ರ, ಎರಡೂ. ಅಕೂಸ್ಟಿಕ್ ಟೈಮಿಂಗ್ ರೆಫರೆನ್ಸ್ ಆನ್ ಇರಲಿ, ಇಲ್ಲದಿದ್ದರೆ ಮೂರು ಅಳತೆಗಳ ಕಾಲ ಒಂದಕ್ಕೊಂದು ತಾಳೆಯಾಗುವುದಿಲ್ಲ. ಎರಡೂ ಸಮ ಮಟ್ಟದಲ್ಲಿರುವ ಆವರ್ತನ ನೋಡಿ. ಅಲ್ಲಿ ಕೂಡಿದ ದನಿ 6 ಡಿಬಿ ಏರಿದ್ದರೆ ಫೇಸ್ ಪಕ್ಕಾ. 3 ಡಿಬಿ ಏರಿದ್ದರೆ 90 ಡಿಗ್ರಿ ಅಂತರ. ಏನೂ ಏರದಿದ್ದರೆ 120. ಅದಕ್ಕಿಂತ ಕೆಳಗೆ ಹೋಗಿದ್ದರೆ ಒಂದು ಇನ್ನೊಂದನ್ನು ತಿನ್ನುತ್ತಿದೆ. ಮೇನ್ಸ್‌ನ ವಿಳಂಬವನ್ನು ಅರ್ಧರ್ಧ ಮಿಲಿಸೆಕೆಂಡ್ ಏರಿಸುತ್ತ ಹೋಗಿ, ಜೊತೆಗೆ ಪೊಲಾರಿಟಿ (ಪ್ಲಸ್ ಮೈನಸ್) ತಿರುಗಿಸಿಯೂ ನೋಡಿ. ಒಂದೇ ಆವರ್ತನದಲ್ಲಿ ಕೂಡಿದರೆ ಸಾಲದು, 60ರಿಂದ 120ರವರೆಗೆ ಎಲ್ಲೂ ಹೊಸ ತಗ್ಗು ಬರಬಾರದು. ಗ್ರಾಫ್ ಸ್ಮೂತಿಂಗ್ (ಗೆರೆ ನಯ ಮಾಡುವುದು) 1/24 ಆಕ್ಟೇವ್‌ಗಿಂತ ಹೆಚ್ಚು ಬೇಡ, ಇಲ್ಲವಾದರೆ ತಗ್ಗೇ ಕಾಣುವುದಿಲ್ಲ.

ಡೆಸಿಬೆಲ್_ಧಾರವಾಡ (#18)

ಮಟ್ಟ ಹೊಂದಸಾಕ ಮೊಬೈಲ್ ಆ್ಯಪ್ ಬಳಸೋರು ವೇಟಿಂಗ್ (ಯಾವ ಆವರ್ತನಕ್ಕ ಎಷ್ಟು ತೂಕ ಅನ್ನೂದು) ‘ಸಿ’ಗೆ ಹಾಕ್ರಿ. ‘ಎ’ ಒಳಗ 50 ಹರ್ಟ್ಜ್ 30 ಡಿಬಿ ಕಡಿಮಿ ತೋರಸತೈತಿ, ‘ಸಿ’ ಒಳಗ ಬರೇ 1.3. ‘ಎ’ ನಂಬಿ ಸಬ್ ಏರಿಸಿದ್ರ ಕೆಳಗಿನ ಮನಿಯವ್ರು ಬಂದು ಬಾಗಿಲಾ ಬಡೀತಾರ. ಸಪಾಟಿಗಿಂತ 3 ಡಿಬಿ ಜಾಸ್ತಿ ಇದ್ರ ಕಿವಿಗೆ ಹಿತಾ ಅನಸತೈತಿ, ಅದಕ್ಕಿಂತ ಹೆಚ್ಚು ಬ್ಯಾಡ.

ಸಾಗರದಾಚೆ (#19)

ಈಕ್ಯೂ ಕೊನೆಗೆ. ಶಿಖರ ಕತ್ತರಿಸಿ, ಹಳ್ಳ ತುಂಬಬೇಡಿ. 6 ಡಿಬಿ ಏರಿಸಿದರೆ ಆಂಪ್‌ಗೆ ನಾಲ್ಕು ಪಟ್ಟು ಕೆಲಸ, 10 ಡಿಬಿಗೆ ಹತ್ತು ಪಟ್ಟು. ಅಲೆಗಳು ಒಂದನ್ನೊಂದು ಕತ್ತರಿಸುವ ಜಾಗದಲ್ಲಿ ಎಷ್ಟು ಸುರಿದರೂ ಅಷ್ಟೂ ಕತ್ತರಿಸಿಹೋಗುತ್ತದೆ. ಮೈಕ್ ಒಂದು ಅಡಿ ಆಚೀಚೆ ಸರಿಸಿ ನಾಲ್ಕೈದು ಅಳತೆ ತೆಗೆಯಿರಿ, ಎಲ್ಲದರಲ್ಲೂ ಇರುವ ಶಿಖರಕ್ಕೆ ಮಾತ್ರ ಕತ್ತರಿ.

ಎರಡು_ಚಾನಲ್ (#20)

ಡಿಎಸ್‌ಪಿ, ಮೈಕ್ ಎರಡೂ ಬಂದವು. ಸಬ್ ಪಕ್ಕದ ಗೋಡೆಗೆ 3.5 ಅಡಿಯಲ್ಲಿ, ಸೋಫಾ 11.5ರಲ್ಲಿ, ಸ್ಪೀಕರ್ 1.5 ಅಡಿಯಲ್ಲಿ. 90ಕ್ಕೆ ಲಿಂಕ್‌ವಿಟ್ಜ್ 24. ಮೇನ್ಸ್‌ಗೆ 3.5 ಮಿಲಿಸೆಕೆಂಡ್ ವಿಳಂಬ ಕೊಟ್ಟಾಗ ಕೂಡಿದ ದನಿ 5 ಡಿಬಿ ಏರುತ್ತದೆ. 40ರಲ್ಲಿ ಇನ್ನೂ 7 ಡಿಬಿ ಶಿಖರ ಉಳಿದಿದೆ. ಹೊಸ ತೊಂದರೆ: ಡಿಎಸ್‌ಪಿ ಜೋಡಿಸಿದ ಮೇಲೆ ಸಬ್‌ನಿಂದ ಸಣ್ಣಗೆ ಹಮ್ ಬರುತ್ತಿದೆ.

ಸೋಲ್ಡರ್_ಹೊಗೆ (#21)

ಆರ್‌ಸಿಎ ಬಿಚ್ಚಿದಾಗ ಹಮ್ ನಿಂತರೆ ಗ್ರೌಂಡ್ ಲೂಪ್, ಅಂದರೆ ಅರ್ತ್ ಎರಡು ದಾರಿಯಲ್ಲಿ ಸೇರಿ ಆದ ಸುತ್ತು. ಮೊದಲು ಸಬ್, ಆಂಪ್, ಡಿಎಸ್‌ಪಿ ಮೂರನ್ನೂ ಒಂದೇ ಗೋಡೆ ಸಾಕೆಟ್‌ನಿಂದ ಬಂದ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ. ಆಮೇಲೆ ಡಿಟಿಎಚ್ ಅಥವಾ ಕೇಬಲ್ ಟಿವಿಯ ತಂತಿ ಈ ಸೆಟ್‌ಗೆ ಎಲ್ಲಾದರೂ ಸೇರಿದೆಯೇ ನೋಡಿ, ಅದನ್ನು ಎಳೆದು ಪರೀಕ್ಷಿಸಿ. ಲ್ಯಾಪ್‌ಟಾಪ್ ಯುಎಸ್‌ಬಿಯಿಂದ ಡಿಎಸ್‌ಪಿಗೆ ಸೇರಿದ್ದರೆ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಹೆಚ್ಚು ಸಲ ಅದೇ ಇರುತ್ತದೆ.

ಮೂರು ಪಿನ್ನಿನ ಪ್ಲಗ್‌ನಿಂದ ಅರ್ತ್ ಪಿನ್ ಕಿತ್ತರೆ ಹಮ್ ನಿಲ್ಲುತ್ತದೆ ಅಂತ ಅಂಗಡಿಯಲ್ಲೇ ಹೇಳುವವರಿದ್ದಾರೆ. ಮಾಡಬೇಡಿ. ಒಳಗೆ ಇನ್ಸುಲೇಶನ್ ಹೋದ ದಿನ ಆರ್‌ಸಿಎ ಉಂಗುರದಲ್ಲೂ 230 ವೋಲ್ಟ್ ಇರುತ್ತದೆ. ಬೇರೆ ದಾರಿ ಇಲ್ಲದಿದ್ದರೆ ಸಬ್ ಲೈನ್‌ಗೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್. ಅಗ್ಗದ್ದು ಬೇಡ, ಅದರ ಪುಟ್ಟ ಕೋರ್ 30ರ ಕೆಳಗೆ ಸ್ಯಾಚುರೇಟ್ ಆಗಿ ಬಾಸನ್ನೇ ನುಂಗುತ್ತದೆ.

ಅಲೆಯುದ್ದ (#22)

40ರ ಶಿಖರಕ್ಕೆ ಮೈನಸ್ 6, ಕ್ಯೂ (ಕಡಿತದ ಚೂಪು) 5ರಿಂದ ಶುರು ಮಾಡಿ ಅಗಲ ಹೊಂದಿಸಿ. ಪೂರ್ತಿ 7 ಕತ್ತರಿಸಬೇಡಿ. ಕಟ್ ಹಾಕಿದ ಮೇಲೆ 90ರ ಹತ್ತಿರದ ಫೇಸ್ ಮತ್ತೊಮ್ಮೆ ನೋಡಿ, ಇಷ್ಟು ದೂರದ ಫಿಲ್ಟರ್ ಅಲ್ಲಿ ಹೆಚ್ಚು ಅಲ್ಲಾಡಿಸದು, ಆದರೂ ನೋಡಿ.

ಮುಂದೆ ಎರಡನೇ ಸಬ್ ಯೋಚನೆ ಬಂದರೆ, ಹರ್ಮನ್ ಆಡಿಯೊ ಕಂಪನಿಯ ಟಾಡ್ ವೆಲ್ಟಿ 2002ರಲ್ಲಿ ಮಂಡಿಸಿದ ಅಧ್ಯಯನದ ದಾರಿ ಹಿಡಿಯಿರಿ: ಎದುರುಬದುರು ಗೋಡೆಗಳ ಮಧ್ಯಬಿಂದು. ಮುಂದೊಂದು, ಹಿಂದೊಂದು ಇಟ್ಟರೆ 40ರ ಮೋಡನ್ನು ಎರಡೂ ವಿರುದ್ಧ ದಿಕ್ಕಿನಿಂದ ತಳ್ಳಿ ರದ್ದು ಮಾಡುತ್ತವೆ. 81ನ್ನು ಮಾತ್ರ ಎರಡೂ ಸೇರಿ ಎಬ್ಬಿಸುತ್ತವೆ, ಅಲ್ಲಿಗೆ ಈಕ್ಯೂ ಬೇಕು. ಎರಡನ್ನೂ ಅಕ್ಕಪಕ್ಕ ಇಟ್ಟರೆ 6 ಡಿಬಿ ಜೋರು ಬಿಟ್ಟು ಇನ್ನೇನೂ ಸಿಗಲ್ಲ.

ಎರಡು_ಚಾನಲ್ (#23)

ಹಮ್‌ಗೆ ಕಾರಣ ಲ್ಯಾಪ್‌ಟಾಪ್ ಚಾರ್ಜರೇ. ಯುಎಸ್‌ಬಿ ಎಳೆದ ಮೇಲೆ ನಿಂತಿತು. 40ಕ್ಕೆ ಮೈನಸ್ 6, ಕ್ಯೂ 4.5ರಲ್ಲಿ ಕೂತಿದೆ. ಡಗ್ಗಾ ಈಗ ಎಡ ಸ್ಪೀಕರ್ ಕಡೆಗೆ ಒಂಚೂರು ವಾಲುತ್ತದೆ.

ತಂಬೂರಿ_ತಂತಿ (#24)

ಸಬ್ ಎಡಗೋಡೆಯಲ್ಲಿದೆಯಲ್ಲ, ಅದಕ್ಕೆ. ಕ್ರಾಸ್‌ಓವರ್ 80ಕ್ಕೆ ಇಳಿಸಿ ನೋಡಿ, ವಿಳಂಬ ಮತ್ತೆ ಹೊಂದಿಸಬೇಕಾಗುತ್ತದೆ. ಈಗ 81ರ ಮೋಡ್ ಸಬ್‌ನಿಂದ ಏಳುತ್ತಿಲ್ಲ, ಮೊದಲಿನ ಭಯ ಇಲ್ಲ.